ಮೂರು ತೂತಿನ ಕಬ್ಬಿಣ

ದಿನಾ ಬೆಳಿಗ್ಗೆ ರವಿಕಿರಣ ಅತ್ತಿಗೆ ಶ್ರುತಿಯನ್ನು ಫಹಾಹೀಲಿನ ಕ್ಲಿನಿಕ್ಕಿಗೆ ಬಿಟ್ಟು ಬರುತ್ತಿದ್ದ. ಗಾಡಿ ಹೊರಡುವ ಹೊತ್ತಿಗೆ ಅವನ ಹೆಂಡತಿ ಸೀಮಾ ದುಪಟ್ಟಾ ಸರಿಮಾಡಿಕೊಳ್ಳುತ್ತ ಬಂದು ಮುಂದಿನ ಬಾಗಿಲು ತೆಗೆಯುತ್ತಿದ್ದಳು. ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಬಸುರಿ; ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ‘ಒಂದೀಟು ಗಾಳಿ ತಗೊಂಡು ಬಾ’ ಎಂದು ಅತ್ತೆ ಕಾಳವ್ವನೇ ಕಳಿಸುತ್ತಿದ್ದಳು. ಶ್ರುತಿ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುತ್ತಿದ್ದಳು.

ಗಾಡಿ ಶ್ರುತಿಯ ಗಂಡ ವಿವೇಕನದು. ಹಳೆಯ ಬಿಳಿ ಪಜೆರೊ. ವಿವೇಕ ಹಿಂದಿನ ರಂಜಾನ್ ತಿಂಗಳಲ್ಲಿ ಸೈಟಿನಲ್ಲಿ ಕುಸಿದು ಬಿದ್ದವನು ಏಳಲಿಲ್ಲ. ಗಾಡಿ ತಮ್ಮನ ಹೆಸರಿಗಾಯಿತು. ಮನೆಯಲ್ಲೇ ಇರಲಿ ಎಂದು ಮಾವ ಮುದಕಪ್ಪ ಹೇಳಿದ್ದ, ಶ್ರುತಿ ಸಹಿ ಹಾಕಿದ್ದಳು. ಈಗ ಸೀಮಾ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚುತ್ತಿದ್ದಳು. ಸೀಟು ಶ್ರುತಿಯ ಮೊಣಕಾಲಿಗೆ ತಾಗುತ್ತಿತ್ತು. ಅವಳು ಮೊಣಕಾಲನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು.

ಸದ್ದನ್ನು ಮೊದಲು ಕೇಳಿದವಳು ಸೀಮಾ.

“ರೀ, ಏನೋ ಕಟಕಟ ಅನ್ನಾಕತ್ತೈತಿ.”

“ಹಳೇ ಗಾಡಿ. ಅಂತೈತಿ.”

“ನನಗ ಅಂಜಿಕಿ ಬರತೈತಿ ನೋಡ್ರಿ.”

“ಇದು ಮೊದಲ ಹಿಂಗ ಇರಲಿಲ್ಲ,” ಎಂದಳು ಶ್ರುತಿ ಹಿಂದಿನಿಂದ.

“ಮೊದಲ ಹೆಂಗಿತ್ತು ಅಂತ ನನಗೂ ಗೊತ್ತೈತ್ರಿ, ವೈನಿ,” ಎಂದ ರವಿಕಿರಣ.

ಶುಕ್ರವಾರ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಅವನು ಬಾನೆಟ್ ಎತ್ತಿದ. ಹಿಂದೆಲ್ಲ ಶುಕ್ರವಾರ ಅಲ್ಲಿ ನಿಲ್ಲುತ್ತಿದ್ದವರು ಅಪ್ಪ ಮತ್ತು ಅಣ್ಣ. ಮುದಕಪ್ಪ ಮೂವತ್ತು ವರ್ಷದಿಂದ ಈ ಕೊಲ್ಲಿ ದೇಶದಲ್ಲಿ ಡೀಸೆಲ್ ಮೆಕ್ಯಾನಿಕ್. ದೊಡ್ಡ ಮಗನಿಗೆ ಕೈಹಿಡಿದು ಕೆಲಸ ಕಲಿಸಿದ್ದ. ರವಿಕಿರಣನಿಗೆ ಟಾರ್ಚ್ ಹಿಡಿಯುವ ಕೆಲಸ ಇರುತ್ತಿತ್ತು. ಟಾರ್ಚ್ ಅಲ್ಲಾಡಿದರೆ ಬೈಗುಳ. ಅವನು ಎಲೆಕ್ಟ್ರಿಷಿಯನ್ ಆದ.

ಅರ್ಧ ಗಂಟೆಯ ನಂತರ ಮೇಲೆ ಬಂದು ಊಟದ ಹಾಳೆಯ ಮೇಲೆ ಒಂದು ಕಬ್ಬಿಣದ ತುಂಡನ್ನಿಟ್ಟ. ಬೆರಳುದ್ದ, ಚಪ್ಪಟೆ, ಒಂದು ಬದಿಗೆ ಬಾಗಿದ್ದು. ಮೂರು ಚೌಕ ತೂತು. ಒಂದು ಅಂಚು ಸವೆದು ಬ್ಲೇಡಿನಷ್ಟು ತೆಳ್ಳಗಾಗಿತ್ತು. ಎಣ್ಣೆ ಕುಡಿದು ಕಪ್ಪಗಾಗಿತ್ತು.

“ಎಂಜಿನ್ ನಡುವಿನ ಸಂದಿನ್ಯಾಗ ಬಿದ್ದಿತ್ತು. ಅಪ್ಪಾ, ಏನಿದು?”

ಮುದಕಪ್ಪ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಒರೆಸಿಕೊಂಡು ತುಂಡನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಕಾಳವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು.

“ಯಾವುದೋ ಬ್ರಾಕೆಟ್,” ಎಂದ. “ಒಗದ ಬಿಡ.”

“ಎಲ್ಲಿಯ ಬ್ರಾಕೆಟ್?”

“ಎಂಜಿನ್ ಅಂದಮ್ಯಾಲ ಸಾವಿರ ಇರತಾವ. ಉಣ್ಣು.”

“ಸಾವಿರ ಇದ್ದರೂ ಒಂದೊಂದಕ್ಕೂ ಜಾಗ ಇರತೈತಿ ಅಂತ ನೀವ ಹೇಳಾವ್ರು. ಎರಡು ವರ್ಷದ ಹಿಂದ ನೀವು ಊರಿಗೆ ಹೋದಾಗ ಅಣ್ಣ ತಾನೊಬ್ಬನ ಈ ಎಂಜಿನ್ ಬಿಚ್ಚಿದ್ನಲ್ಲ? ಇದನ್ನ ಹಾಕದ ಮುಚ್ಯಾನ. ಅಷ್ಟ.”

ಶ್ರುತಿಯ ಕೈಯಲ್ಲಿದ್ದ ನೀರಿನ ಜಗ್ಗು ಅಲ್ಲೇ ನಿಂತಿತು. ಅವಳು ಮಾವನ ಮುಖ ನೋಡಿದಳು. ಮಗ ಒಂದು ನಟ್ಟನ್ನೂ ಉಳಿಸಿದವನಲ್ಲ ಎಂದು ಈ ಮನುಷ್ಯ ಹೇಳಬೇಕಿತ್ತು. ಅವನು ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದ.

“ಅವರು ಹಂಗ ಬಿಡೂ ಪೈಕಿ ಅಲ್ಲ,” ಎಂದಳು.

“ಬಿಟ್ಟಾನಲ್ರಿ ವೈನಿ, ಕಣ್ಣಮುಂದ ಐತಿ. ಬಸುರಿ ಹೆಂಗಸಿನ್ನ ಕೂಡಿಸಿಕೊಂಡು ನಾ ಈ ಗಾಡಿ ಓಡಸಂಗಿಲ್ಲ. ಮಾರೂಣು. ಬ್ಯಾರೆ ನೋಡೀನಿ.”

“ಆಗಲೇ ನೋಡೀರಿ?”

“ನೋಡಬಾರದೇನು?”

“ಉಣ್ಣೂ ಹೊತ್ತಿನ್ಯಾಗ ಕಬ್ಬಿಣ ತಂದು ಇಟ್ಟೀರಲ್ಲ, ಏನ್ ಮಂದಿನೋ!” ಎಂದು ಕಾಳವ್ವ ತುಂಡನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಬಂದು ಸೀಮಾಳ ತಾಟಿನ ರೊಟ್ಟಿಯ ಮೇಲೆ ಊರಿನ ತುಪ್ಪ ಸುರಿದಳು. ಮತ್ತೊಂದು ಚಮಚ. ತುಪ್ಪದ ಬರಣಿ ಶ್ರುತಿಯ ತಾಟಿನ ಮೇಲಿಂದ ದಾಟಿ ಕಪಾಟಿಗೆ ಹೋಯಿತು. ಶ್ರುತಿಗೆ ತುಪ್ಪ ಸೇರುತ್ತಿರಲಿಲ್ಲ. ಆದರೂ ಬರಣಿ ಹೋಗುವುದನ್ನು ನೋಡಿದಳು.

ಎಲ್ಲರೂ ಮಲಗಿದ ಮಧ್ಯಾಹ್ನ ಅವಳು ತುಂಡನ್ನು ಕಸದಿಂದ ತೆಗೆದುಕೊಂಡಳು.

ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಧಾರವಾಡದಲ್ಲಿ ಎಂಎಸ್ಸಿ ಓದಿದವಳು. ಗೊತ್ತಿಲ್ಲದ ವಸ್ತುವನ್ನು ಮೊದಲು ತೊಳೆಯಬೇಕು, ಆಮೇಲೆ ನೋಡಬೇಕು ಎಂಬುದಷ್ಟು ಉಳಿದಿತ್ತು. ಕಪ್ಪು ಹೋದ ಮೇಲೆ ಸುತ್ತಿಗೆಯ ಗುರುತು ಕಂಡಿತು. ನಂಬರ್ ಇಲ್ಲ, ಕಂಪನಿಯ ಹೆಸರಿಲ್ಲ.

ವಿವೇಕ ಎಂಜಿನ್ ಬಿಚ್ಚುವಾಗ ಭಾಗಗಳನ್ನೆಲ್ಲ ಹಳೆ ಪೇಪರಿನ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆಯುತ್ತಿದ್ದ. ಅವನ ಫೋನನ್ನು ಶ್ರುತಿ ಅಲ್ಲಿಯವರೆಗೆ ತೆರೆದಿರಲಿಲ್ಲ. ಚಾರ್ಜಿಗೆ ಹಾಕಿ ತೆರೆದಳು. ಬೋಲ್ಟು, ವಾಷರು, ಪೈಪು, ಒಂದೊಂದೂ ಅದರದರ ಸಾಲಿನಲ್ಲಿ. ಮೂರು ತೂತಿನದು ಎಲ್ಲೂ ಇರಲಿಲ್ಲ. ಒಂದು ಫೋಟೋದ ಮೂಲೆಯಲ್ಲಿ ಸೀಮಾ ಇದ್ದಳು. ಚಹಾದ ಲೋಟ ಹಿಡಿದು ನಗುತ್ತಿದ್ದಳು. ಮದುವೆಯಾಗಿ ಬಂದ ಹೊಸದು. ಫೋಟೋ ತೆಗೆಯುತ್ತಿದ್ದವನು ಏನೋ ಹೇಳಿ ನಗಿಸಿರಬೇಕು. ಏನು ಹೇಳಿದ್ದ? ಆ ಶುಕ್ರವಾರ ಶ್ರುತಿ ಡ್ಯೂಟಿಯಲ್ಲಿದ್ದಳು.

ಸಂಜೆ ಫೋಟೋಗಳನ್ನು ಮೈದುನನಿಗೆ ತೋರಿಸಿದಳು. ಸೀಮಾ ಇದ್ದದ್ದನ್ನು ಬಿಟ್ಟು.

“ಫೋಟೋದಾಗ ಇಲ್ಲ ಅಂದ್ರ ಬಿಚ್ಚುವಾಗ ಒಳಗ ಬಿದ್ದಿರತೈತಿ,” ಎಂದ ರವಿಕಿರಣ. “ಅಣ್ಣನ ಮ್ಯಾಲ ಯಾರೂ ಕೇಸ್ ಹಾಕಿಲ್ಲ ವೈನಿ. ನೀವ್ಯಾಕ ವಕೀಲಿಕಿ ಮಾಡಾಕತ್ತೀರಿ?”

“ನಿಮಗ ಖುಷಿ ಆಗೇತಿ.”

“ಏನಂದ್ರಿ?”

“ಅವರ ತಪ್ಪು ಸಿಕ್ಕಿದ್ದಕ್ಕ.”

ರವಿಕಿರಣ ಟಿವಿಯ ಸದ್ದು ಹೆಚ್ಚಿಸಿದ.

ಮೂರನೆಯ ಮಹಡಿಯ ಡೋಲ್ಫಿಗೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಿಡಿಭಾಗದ ಅಂಗಡಿಯೊಂದರಲ್ಲಿ ಕೆಲಸ. ಬಂಟ್ವಾಳದವನು. ವಿವೇಕನಿಗೆ ಸಾಮಾನು ತಂದುಕೊಡುತ್ತಿದ್ದವನೂ ಅವನೇ. ರಜೆಯ ದಿನ ಶ್ರುತಿ ಅವನ ಜೊತೆ ಹೋದಳು. ಅವನು ತುಂಡನ್ನು ಕೈಯಲ್ಲಿ ತೂಗಿ, ಹಲ್ಲಿನ ಹತ್ತಿರ ತಂದು, ಮೂಸಿ ನೋಡಿದ.

“ತಿನ್ಲಿಕ್ಕೆ ಆಗುದಿಲ್ಲ, ಅಷ್ಟು ಹೇಳ್ಬಹುದು,” ಎಂದ. “ಬನ್ನಿ ಮಾರಾಯ್ರೆ, ಊರೆಲ್ಲ ಕೇಳುವ.”

ಅಂಗಡಿಯಿಂದ ಅಂಗಡಿಗೆ ಹೋದರು. ಪೇಶಾವರದ ಖಾನ್ ಇದು ಕ್ಲಚ್ಚಿನದು ಎಂದ. ಅವನ ಪಾರ್ಟ್‌ನರ್ ಲಾರಿ ಬಾಗಿಲಿನ ಕೀಲು ಎಂದ. ಇಬ್ಬರಿಗೂ ಅಲ್ಲೇ ಜಗಳವಾಯಿತು. ಮುದುಕ ಈಜಿಪ್ಟಿನವನೊಬ್ಬ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಶ್ರುತಿಯ ಅಂಗೈಯಲ್ಲಿ ವಾಪಸಿಟ್ಟು, “ಖಲಾಸ್” ಎಂದ. ಗಾಡಿ ಖಲಾಸೋ, ಪ್ರಶ್ನೆ ಖಲಾಸೋ ತಿಳಿಯಲಿಲ್ಲ.

“ವಿವೇಕ ಇದನ್ನು ಬಿಟ್ಟಿರಬಹುದಾ?” ಶ್ರುತಿ ಕೇಳಿದಳು. ಡೋಲ್ಫಿಯ ಹತ್ತಿರ ಅವಳು ಪುಸ್ತಕದ ಕನ್ನಡ ಆಡುತ್ತಿದ್ದಳು.

“ಅವನಾ? ಒಂದು ವಾಷರ್ ಕಮ್ಮಿ ಬಂದರೆ ನನ್ನನ್ನು ಬೆಳಿಗ್ಗೆ ಚಹಾ ಕುಡಿಲಿಕ್ಕೆ ಬಿಡ್ತಿರ್ಲಿಲ್ಲ. ಆದ್ರೆ ಎಂತ ಮಾಡುದು, ಇದು ಯಾವುದರದ್ದು ಅಂತ ಗೊತ್ತಾಗದೆ ನಾನು ಎಂತ ಹೇಳುದು?”

ಮನೆಯಲ್ಲಿ ಸೀಮಾಳ ಸೀಮಂತಕ್ಕೆ, ಕುಬಸಕ್ಕೆ, ತಯಾರಿ ನಡೆದಿತ್ತು. ಕಾಳವ್ವ ಸೊಸೆಗೆ ಹಸಿರು ಸೀರೆ ತಂದಳು. ಬಳೆ ತಂದಳು. ಕರ್ಚೀಕಾಯಿ, ಶೇಂಗಾ ಹೋಳಿಗೆ ಯಾವಾಗ ಮಾಡುವುದು, ಯಾರನ್ನು ಕರೆಯುವುದು ಎಂಬುದೇ ಮಾತು. ಕುಬಸದ ಮರುದಿನ ಗಾಡಿ ನೋಡಲು ಗಿರಾಕಿ ಬರುತ್ತಾನೆ ಎಂದು ರವಿಕಿರಣ ಊಟದಲ್ಲಿ ಹೇಳಿದ. ಯಾರೂ ಬೇಡವೆನ್ನಲಿಲ್ಲ.

ಆ ವಾರ ಶ್ರುತಿ ಬಾಲ್ಕನಿಯಲ್ಲಿ ಮಾವನನ್ನು ಹಿಡಿದಳು. ಅವನು ಕೆಲಸದ ಬೂಟಿನ ಮಣ್ಣು ಕೆರೆಯುತ್ತಿದ್ದ.

“ಮಾವಾರ, ಒಂದು ಮಾತು ಹೇಳಿ ಬಿಡ್ರಿ. ಇದು ಈ ಎಂಜಿನ್ನಿಂದ ಹೌದೋ ಅಲ್ಲೋ?”

“ಕಸಕ್ಕ ಹಾಕಿದ್ದನ್ನ ಯಾಕ ತಗದಿ?”

“ನಿಮ್ಮ ಮಗ ತಪ್ಪು ಮಾಡ್ಯಾರೇನು?”

ಮುದಕಪ್ಪ ಬೂಟನ್ನು ಮಗ್ಗುಲಾಗಿ ಬಡಿದ. ಮಣ್ಣು ಉದುರಿತು.

“ಮನಿಷಾ ಅಂದಮ್ಯಾಲ…” ಎಂದ. “ಮಾಡಿರಬಹುದು.”

ಶ್ರುತಿ ಅಲ್ಲಿಂದ ಎದ್ದು ಬಂದು ಒಣಗಿದ ಬಟ್ಟೆ ಮಡಚಿದಳು. ಸೀಮಾಳ ಬಟ್ಟೆಯನ್ನು ಮಡಚದೆ ಹಾಗೇ ಬಿಟ್ಟಳು. ಸತ್ತವನನ್ನು ಅವನ ಅಪ್ಪನೂ ಬಿಟ್ಟುಕೊಟ್ಟ ಮೇಲೆ ಅವನ ಕಡೆಗೆ ಉಳಿದವಳು ತಾನೊಬ್ಬಳೇ. ಅತ್ತ ಕೋಣೆಯಲ್ಲಿ ರವಿಕಿರಣ ಹೆಂಡತಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ‘ಕಚಗುಳಿ ಆಗತೈತಿ, ಬಿಡ್ರಿ’ ಎಂದು ಅವಳು ನಗುವುದು ಕೇಳುತ್ತಿತ್ತು. ಶ್ರುತಿ ಮಿಕ್ಸರ್ ಹಾಕಿದಳು. ರುಬ್ಬುವುದು ಏನೂ ಇರಲಿಲ್ಲ. ಖಾಲಿ ಜಾರೇ ತಿರುಗಿತು.

“ಏನ್ ತಿರುವಾಕತ್ತೀಯ?” ಕಾಳವ್ವ ಬಂದು ಕೇಳಿದಳು.

“ಏನಿಲ್ರಿ. ತೊಳದಿದ್ದೆ, ಒಣಗಿಸಾಕತ್ತೀನಿ.”

ಕಾಳವ್ವ ಜಾರನ್ನೂ ಸೊಸೆಯನ್ನೂ ನೋಡಿ ಹೋದಳು.

ಕುಬಸದ ದಿನ ಹೆಂಗಸರೆಲ್ಲ ಹಾಲ್‌ನಲ್ಲಿ ಕೂತಿದ್ದರು. ಗಂಡಸರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು, ಡೋಲ್ಫಿಯೂ ಇದ್ದ. ಹಸಿರು ಸೀರೆ ಉಟ್ಟ ಸೀಮಾ ನಡುವೆ. ಮುತ್ತೈದೆಯರು ಸರದಿಯ ಮೇಲೆ ಆರತಿ ಮಾಡಿದರು, ಉಡಿ ತುಂಬಿದರು. ಶ್ರುತಿಗೆ ಯಾರೂ ಬರಬೇಡ ಎನ್ನಲಿಲ್ಲ. ‘ಹೋಳಿಗಿ ನೀ ಬಿಸಿ ಮಾಡತೀಯೇನ ಶ್ರುತಿ’ ಎಂದಿದ್ದಳು ಕಾಳವ್ವ, ಅಷ್ಟೇ. ಅವಳು ತವದ ಮುಂದೆ ನಿಂತು ಬಿಸಿ ಮಾಡಿದಳು. ಆರತಿಯ ಹಾಡು ಕೇಳುವಾಗ ಒಂದು ಹೋಳಿಗೆ ಸೀಯಿತು. ಸೀದದ್ದನ್ನು ಸೀಮಾಗೆಂದು ಇಟ್ಟ ತಟ್ಟೆಯಲ್ಲಿ ಮಿಕ್ಕ ಹೋಳಿಗೆಗಳ ಅಡಿಗೆ ಹಾಕಿದಳು.

ಭಾಗೀರಥಮ್ಮ ನೀರು ಕೇಳಿಕೊಂಡು ಅಡುಗೆಮನೆಗೆ ಬಂದಳು. ಹಾವೇರಿ ಕಡೆಯ ಮುದುಕಿ, ಅಬು ಹಲೀಫಾದಲ್ಲಿರುವ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ನೀರು ಕುಡಿಯುತ್ತ ಕಿಟಕಿಯ ಕಟ್ಟೆ ನೋಡಿದಳು.

“ಅಯ್ಯ! ಇದನ್ನ ಇನ್ನೂ ಇಲ್ಲೇ ಇಟ್ಟೀರಿ?”

ಶ್ರುತಿ ಇಟ್ಟಿದ್ದ ಮೂರು ತೂತಿನ ಕಬ್ಬಿಣ ಅಲ್ಲಿತ್ತು.

“ನಿಮಗ ಗೊತ್ತೇನ್ರಿ, ಏನದು?” ಶ್ರುತಿ ಕೇಳಿದಳು.

“ನಾನ ತಂದೀನಿ, ನನಗ ಗೊತ್ತಿಲ್ಲೇನು?” ಮುದುಕಿ ಅದನ್ನೆತ್ತಿಕೊಂಡು ಹಾಲ್‌ಗೆ ಹೋಗಿಬಿಟ್ಟಳು. “ಕಾಳವ್ವಾ, ಎತ್ತಿನ ಲಾಳ ಬೇಕು ಎತ್ತಿನ ಲಾಳ ಬೇಕು ಅಂತ ಫೋನಿನ ಮ್ಯಾಲ ಫೋನ್ ಹಚ್ಚಿದಿ. ಲಾಳ ಕಟ್ಟಾಂವನ್ನ ಹುಡಿಕಿ, ಹಳೇದು ಇಸಗೊಂಡು, ಚೀಲದಾಗ ಇಟಗೊಂಡು ಬಂದೆ. ಏರ್‌ಪೋರ್ಟಿನ್ಯಾಗ ಪೊಲೀಸ ಮೂರು ಸಲ ತಿರುವ್ಯಾಡಿ ನೋಡಿದ. ಗಾಡಿಗೆ ಕಟ್ಟೂದು ಬಿಟ್ಟು ಕಿಟಕ್ಯಾಗ ಇಟ್ಟೀಯಲ್ಲ!”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ನಕ್ಕವನು ಡೋಲ್ಫಿ.

“ಎತ್ತಿನ ಚಪ್ಪಲಿಯಾ! ಶುವೈಖ್ ಇಡೀ ತಿರುಗಿದ್ದೇವಲ್ಲ ಮಾರಾಯ್ರೆ! ಆ ಖಾನ್ ಕ್ಲಚ್ ಅಂತ ಆಣೆ ಹಾಕಿದ್ದ!”

ಎಲ್ಲರೂ ನಕ್ಕರು. ರವಿಕಿರಣ ಹಣೆ ಹಿಡಿದುಕೊಂಡು ನಕ್ಕ. ಶ್ರುತಿಯೂ ಬಾಗಿಲಲ್ಲಿ ನಿಂತು ನಕ್ಕಳು. ಅವನದಲ್ಲ. ಅವನು ಬಿಟ್ಟದ್ದಲ್ಲ. ಎಷ್ಟೋ ತಿಂಗಳ ಮೇಲೆ ನಕ್ಕದ್ದಕ್ಕೆ ದವಡೆ ನೋಯಿತು.

“ಕಟ್ಟಿದ್ದೆ, ಬಿದ್ದೈತಿ,” ಎಂದಳು ಕಾಳವ್ವ. ಅವಳೊಬ್ಬಳು ನಗುತ್ತಿರಲಿಲ್ಲ. “ಕೊಡ ಇತ್ತ. ಆರತಿ ತಣ್ಣಗಾತು.”

“ಮತ್ತ ಗಟ್ಟಿಯಾಗಿ ಕಟ್ಟು ನಮ್ಮವ್ವಾ,” ಎಂದಳು ಭಾಗೀರಥಮ್ಮ. “ಬಸುರಿ ಕೂಡೂ ಗಾಡಿ. ಹೊರಗಿನ ಕಣ್ಣಿಗೆ ನಿಂಬಿಹಣ್ಣು ಸಾಕು, ಮನಿಯಾಗಿನ ಕಣ್ಣಿಗೆ ಇದ ಆಗಬೇಕು ಅಂತ ನೀನ ಹೇಳಿದ್ದಿ—”

ಮುದುಕಿಗೆ ತಾನೇನು ಹೇಳಿದೆನೆಂದು ಆಗ ಹೊಳೆಯಿತು. ಯಾರೂ ಅಡುಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಬೇರೆ ಬೇರೆ ಕಡೆ ಮುಖ ಮಾಡಿದರು. ಶ್ರುತಿ ಒಳಗೆ ಹೋಗಿ ತವದ ಮೇಲಿನ ಹೋಳಿಗೆ ತಿರುವಿ ಹಾಕಿದಳು.

ಬಂದವರು ಉಂಡು ಹೋದರು. ಪಾತ್ರೆ ತೊಳೆಯುವಾಗ ಮಾತು ಶುರುವಾಯಿತು. ಶುರು ಮಾಡಿದವನು ರವಿಕಿರಣ.

“ಅವ್ವಾ, ಕಟ್ಟೀನಿ ಅಂತ ಒಂದು ಮಾತು ಹೇಳಾಕ ಆಗಲಿಲ್ಲೇನು? ಸುಳ್ಳ ಅಣ್ಣನ ಹೆಸರು ತಗಸಿದಿ ನನ್ನ ಬಾಯಾಗ.”

“ನೀನ ತಗದಿ. ನಾ ತಗಿ ಅಂದಿದ್ದೆನೇನು?”

“ಅಪ್ಪಾ, ನಿಮಗೂ ಗೊತ್ತಿತ್ತು?”

ಮುದಕಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ.

“ಅಮಾಸಿ ದಿನ ಗಾಡಿ ಪೂಜಿ ಮಾಡುವಾಗ ಕಟ್ಟಿದ್ಲು,” ಎಂದ. “ಬಾನೆಟ್ ಎತ್ತಿ ಹಿಡದಾಂವ ನಾ.”

“ಕರೀ ದಾರಲೇ ಕಟ್ಟಿದ್ದಿರಲ್ರಿ ಅತ್ತಿ?” ಶ್ರುತಿ ಕೇಳಿದಳು. ಅವಳ ದನಿ ಏರಿರಲಿಲ್ಲ.

“ಮತ್ತ ಯಾವುದರಲೇ ಕಟ್ಟತಾರ?”

“ಎಂಜಿನ್ನಿನ ಕಾವಿಗೆ ದಾರ ಸುಟ್ಟು ಹೋಗತೈತ್ರಿ. ತಂತೀಲೆ ಕಟ್ಟಬೇಕಿತ್ತು. ಅಂದ್ರ ಬೀಳತಿರಲಿಲ್ಲ. ಅವರ ಹೆಸರೂ ಬರತಿರಲಿಲ್ಲ.”

ಕಾಳವ್ವ ಕೈಯಲ್ಲಿದ್ದ ಬೋಗುಣಿಯನ್ನು ದಡಕ್ಕನೆ ಇಟ್ಟಳು.

“ಅಡ್ಡ ಮಾತು ಬ್ಯಾಡ. ಅನ್ನೂದಿದ್ರ ನೆಟ್ಟಗ ಅನ್ನು. ಒಂದು ಮಗನ್ನ ಮಣ್ಣಿಗೆ ಕೊಟ್ಟೀನಿ. ಇನ್ನೊಂದು ಸಂಸಾರರ ಉಳೀಲಿ ಅಂತ ಕಟ್ಟೀನಿ. ಆಕಿ ತಾಟಿಗೆ ತುಪ್ಪ ಹಾಕಿದ್ರ ನಿನ್ನ ಕಣ್ಣು ತುಪ್ಪದ ಮ್ಯಾಲ. ಆಕಿ ಗಂಡ ಆಕೀನ ಕರದ್ರ ನಿನ್ನ ಕಿವಿ ಅಲ್ಲೇ. ಆಕಿ ಬಟ್ಟಿ ಬಿಟ್ಟು ಉಳದಾವ್ರ ಬಟ್ಟಿ ಮಡಚತಿ. ಸುಳ್ಳೇನು?”

“ಅವ್ವಾ!” ಎಂದ ರವಿಕಿರಣ.

“ಖರೆ ಐತ್ರಿ,” ಎಂದಳು ಶ್ರುತಿ.

ಕಾಳವ್ವ ಇದನ್ನು ನಿರೀಕ್ಷಿಸಿರಲಿಲ್ಲ.

“ಇವತ್ತ ಸೀದ ಹೋಳಿಗಿ ಆಕಿ ತಾಟಿಗೆ ಹಾಕೀನಿ. ನೀವು ಸುಳ್ಳು ಹೇಳಿಲ್ಲ. ಆದ್ರ ಮಾವಾರು ಹೇಳ್ಯಾರ. ನನ್ನ ಮುಖ ನೋಡಿ, ನಿಮ್ಮ ಮಗ ತಪ್ಪು ಮಾಡಿರಬಹುದು ಅಂದಾರ.”

ಮುದಕಪ್ಪ ಕೊನೆಯ ಕುರ್ಚಿಯನ್ನು ಹಿಡಿದುಕೊಂಡೇ ನಿಂತ. “ನಿನಗ ಖರೆ ಹೇಳಬಾರದು ಅಂತ ಅಂದೆವ್ವಾ. ಅವಗ ಇನ್ನ ಏನೂ ತಟ್ಟಂಗಿಲ್ಲ ಅನಿಸ್ತು.”

“ನನಗ ತಟ್ಟತ್ರಿ.”

ಗಾಡಿ ಮಾರುವ ಮಾತು ಅಲ್ಲಿಗೆ ನಿಂತಿತು. ಗಿರಾಕಿಗೆ ರವಿಕಿರಣ ಫೋನಿನಲ್ಲೇ ಬೇಡವೆಂದ. ಆ ಶುಕ್ರವಾರ ಬಾನೆಟ್ ಎತ್ತಿ, ಅಣ್ಣ ಕೂರಿಸಿದ್ದ ಪೈಪುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ ಮೇಲೆ ಬಂದ. “ಒಂದೂ ಸಡಲಾಗಿಲ್ರಿ ವೈನಿ,” ಎಂದ. ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತ, “ಸತ್ತ ಮ್ಯಾಲೂ ಅವನ ಗೆದ್ದ ನೋಡ್ರಿ,” ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ನಗುವಿರಲಿಲ್ಲ.

ಶ್ರುತಿ ಎರಡು ವಾರ ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಹೋದಳು. ಮೂರನೆಯ ವಾರ ಊಟದಲ್ಲಿ ಹೇಳಿದಳು. ಕ್ಲಿನಿಕ್ಕಿನ ಇಬ್ಬರು ನರ್ಸುಗಳ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿಯಿದೆ, ಹೋಗುತ್ತೇನೆ.

“ಮಂದಿ ಏನಂದಾರು?” ಎಂದಳು ಕಾಳವ್ವ.

“ಡ್ಯೂಟಿಗೆ ಹತ್ತಿರ ಆಗತೈತಿ ಅಂತ ಹೇಳ್ರಿ.”

“ನಾ ಹೋಗಂತ ಅಂದಿಲ್ಲ.”

“ಇಲ್ರಿ. ಅಂದಿಲ್ಲ.”

ಕಾಳವ್ವ ತುಪ್ಪದ ಬರಣಿ ತೆಗೆದಳು. ಶ್ರುತಿಯ ರೊಟ್ಟಿಯ ಮೇಲೆ ಒಂದು ಚಮಚ ಹಾಕಿದಳು. ಶ್ರುತಿ ಅದನ್ನು ತಿಂದಳು. ಹಿಡಿಸಲಿಲ್ಲ.

ಹೊರಡುವ ದಿನ ಅವಳು ಬ್ಯಾಗು ತುಂಬುತ್ತಿದ್ದಾಗ ಸೀಮಾ ಬಂದು ಮಂಚದ ತುದಿಗೆ ಕೂತಳು. ಹೊಟ್ಟೆ ಮುಂದೆ ಬಂದಿತ್ತು, ಕಾಲು ಊದಿದ್ದವು. ಕುಬಸದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಸೀಮಾ ಒಂದು ಸೀರೆ ಎಳೆದುಕೊಂಡು ಮಡಚತೊಡಗಿದಳು.

“ಅಕ್ಕಾ, ಆ ಲಾಳ ಕಟ್ಟಿದ್ದು ನನಗ ಗೊತ್ತಿರಲಿಲ್ರಿ.”

“ಗೊತ್ತೈತಿ ಬಿಡು.”

“ಸೀದ ಹೋಳಿಗಿ ನಾ ತಿಂದೆ. ಹಸಿವ್ಯಾಗಿತ್ತು.”

ಸೀಮಾ ಸೀರೆಯ ಅಂಚು ಸರಿಮಾಡಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಚಿದಳು.

“ನಿಮಗ ನಿಮ್ಮ ಪಗಾರ ಐತಿ, ಇಲ್ಲಿ ಇರಾಕ ನಿಮ್ಮ ಹೆಸರಿಲೇ ಇಕಾಮಾ ಐತಿ. ಬ್ಯಾಗ್ ತುಂಬಿದ್ರಿ, ಹೊಂಟ್ರಿ. ನಾ ಎಲ್ಲಿಗೆ ಹೋಗ್ಲಿ?” ಎಂದಳು. “ಇನ್ನ ಅತ್ತಿ ಕಣ್ಣೆಲ್ಲಾ ನನ್ನೊಬ್ಬಾಕಿ ಮ್ಯಾಲ. ಏನ್ ಉಂಡೆ, ಎಷ್ಟ ಉಂಡೆ, ಯಾಕ ಮಲಗಿದೆ. ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರಿತೈತ್ರಿ ಅಕ್ಕಾ. ಖರೇನ ಹೇಳತೀನಿ.”

ಶ್ರುತಿಯ ಕೈ ಬ್ಯಾಗಿನ ಜಿಪ್ಪಿನ ಮೇಲೆ ನಿಂತಿತು. ಗಂಡ ಹೋದಂದಿನಿಂದ ಇಂಥ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ಪಾಪ ಎಂದಿದ್ದರು, ಸಣ್ಣ ವಯಸ್ಸು ಎಂದಿದ್ದರು. ಎದೆಯೊಳಗೆ ಏನೋ ಬೆಚ್ಚಗಾಯಿತು.

“ಖೋಲಿ ಹೆಂಗೈತ್ರಿ?” ಸೀಮಾ ಕೇಳಿದಳು. “ಕಿಟಕಿ ಐತೇನು?”

ಕೋಣೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಎಸಿ ಡಬ್ಬಿಗಳು ಕಾಣುತ್ತಿದ್ದವು, ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

“ಐತಿ,” ಎಂದಳು ಶ್ರುತಿ. “ಸಮುದ್ರ ಕಾಣತೈತಿ.”